ರುಚಿ ಹೇಳುವ ದುರುಗಪ್ಪ

ಹುಲಿಹೈದರದ ಹಳ್ಳದ ದಂಡೆಯಲ್ಲಿ ಈಚಲ ಮರಗಳಿಂದ ಸೇಂದಿ ಇಳಿಸುತ್ತಿದ್ದ ದುರುಗಪ್ಪನ ನಾಲಿಗೆಗೆ ಸುತ್ತಲ ಹತ್ತೂರಿನಲ್ಲಿ ಹೆಸರಿತ್ತು. ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಇದು ಯಾವ ಮರದ್ದು, ಗಡಿಗೆ ಕಟ್ಟಿದ್ದು ನಿನ್ನೆಯೋ ಮೊನ್ನೆಯೋ ಎಂದು ಹೇಳಿಬಿಡುತ್ತಿದ್ದ. ಮೊದಲ ದೊನ್ನೆಯನ್ನು ಮರದ ಬುಡಕ್ಕೆ ಸುರಿದು, ಎರಡನೆಯದನ್ನು ತಾನು ಕುಡಿದು ‘ಛಲೋ ಐತಿ’ ಅನ್ನುವವರೆಗೆ ಊರ ಗೌಡನಾದರೂ ಸುಮ್ಮನೆ ಕೂತಿರಬೇಕು. ಅಲ್ಲಿಯ ಪದ್ಧತಿ ಅದು. ಹೆಂಗಸರು ಗಡಿಗೆ ಹೊರಬಹುದು, ಸೋಸಬಹುದು, ರುಚಿ ಹೇಳುವಂತಿಲ್ಲ. ಈ ಪದ್ಧತಿ ಮಾಡಿದವರು ಗಂಡಸರೇ ಎಂದು ಬೇರೆ ಹೇಳಬೇಕಾಗಿಲ್ಲ.

ಎಪ್ಪತ್ತೆಂಟರ ಮಳೆಗಾಲದಲ್ಲಿ ಬಂದ ಜ್ವರ ಆ ನಾಲಿಗೆಯನ್ನು ಹೊತ್ತುಕೊಂಡು ಹೋಯಿತು. ಆಮೇಲೆ ಅವನಿಗೆ ಬೆಲ್ಲವೂ ಒಂದೇ, ಬೂದಿಯೂ ಒಂದೇ. ವಿಷಯ ಗೊತ್ತಿದ್ದದ್ದು ಹೆಂಡತಿ ಹುಲಗೆಮ್ಮನಿಗೆ ಮಾತ್ರ. ಅಂದಿನಿಂದ ಅವಳು ಗುಡಿಸಲೊಳಗೆ ಸೋಸುವಾಗ ಕದ್ದು ಒಂದು ಗುಟುಕು ಕುಡಿಯುತ್ತಿದ್ದಳು. ಚೆನ್ನಾಗಿದ್ದರೆ ಸುಮ್ಮನೆ ತಂದಿಡುವಳು, ಹುಳಿ ಏರಿದ್ದರೆ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುವಳು. ದುರುಗಪ್ಪ ಸೆರಗು ನೋಡಿ ಮಾತಾಡುವನು, ಕೂತವರು ತಲೆದೂಗುವರು. ತಾನು ಸತ್ತು ತನ್ನ ಹೆಸರು ಮಾತ್ರ ಓಡಾಡಿಕೊಂಡಿದೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಮರುವರ್ಷ ಶೀಗಿ ಹುಣ್ಣಿಮೆ ಕಳೆದಿತ್ತು. ಹೊಲಗಳಲ್ಲಿ ಶೇಂಗಾ ಕಿತ್ತು ಹರವಿದ್ದರು. ಸಂಜೆಯ ಬಿಸಿಲು ಮಣ್ಣಿನ ಮೇಲೆ ಹಳದಿಯಾಗಿ ಮಲಗಿತ್ತು, ಗಾಳಿಗೆ ಸಣ್ಣ ಚಳಿ ಬಂದಿತ್ತು. ದಂಡಿನಿಂದ ರಜೆಗೆ ಬಂದ ದೇವೇಂದ್ರಪ್ಪ ಒಂದು ಬಾಟಲಿ ತಂದು ಎಲ್ಲರ ನಡುವೆ ಇಟ್ಟ. ಒಳಗೆ ಕಂದು ಬಣ್ಣದ ಬೀರು.

“ವಿಲಾಯ್ತಿ ಮಾಲ್ ಐತ್ರಿ ದುರುಗಪ್ಪಣ್ಣ. ನಮ್ಮ ಸಾಹೇಬ್ರು ಕೊಟ್ಟಾರ. ನೀವು ಕುಡದು ಹೇಳೂತನಕ ನಾ ಮುಟ್ಟಂಗಿಲ್ರಿ.”

ದುರುಗಪ್ಪ ಗುಡಿಸಲ ಬಾಗಿಲಲ್ಲಿ ನಿಂತ ಹುಲಗೆಮ್ಮನ ಕಡೆ ನೋಡಿದ. ಅವಳಾದರೂ ಏನು ಸನ್ನೆ ಮಾಡಿಯಾಳು? ಬಾಟಲಿ ಒಳಗೆ ಹೋಗಿಯೇ ಇರಲಿಲ್ಲ.

ಮರದ ಬುಡಕ್ಕೆ ಒಂದು ದೊನ್ನೆ ಸುರಿದು, ನೊರೆ ಮಣ್ಣಿನಲ್ಲಿ ಇಂಗುವುದನ್ನು ನೋಡುತ್ತ ನಿಂತ. ಆಮೇಲೆ ಕುಡಿದು ಕಣ್ಣು ಮುಚ್ಚಿದ. ಗಂಟಲಲ್ಲಿ ತಂಪು ಇಳಿಯಿತು, ಗುಳ್ಳೆಗಳು ಮೂಗಿಗೆ ಚುಚ್ಚಿದವು, ಅಷ್ಟೇ. ಕನಸಿನಲ್ಲಿ ಬಂದಂತೆ ಹಳೆಯ ರುಚಿಗಳೆಲ್ಲ ಮೆಲ್ಲಗೆ ತೇಲಿ ಬಂದವು: ಎಳೆ ಜೋಳದ ಸೀತನಿ, ಅವ್ವ ಮಾಡುತ್ತಿದ್ದ ಪುಂಡಿಪಲ್ಯ, ಮದುವೆಯಾದ ವರ್ಷ ಹಳ್ಳದಾಚೆಯ ಮರ ಕೊಟ್ಟ ಸೇಂದಿ. ಯಾವುದಾದರೊಂದು ಹೆಸರು ಹೇಳಿದ್ದರೂ ನಂಬುತ್ತಿದ್ದರು. ಅಲ್ಲಿ ಯಾರು ವಿಲಾಯ್ತಿ ಬೀರು ಕುಡಿದಿದ್ದರು? ಸುಳ್ಳು ಅಷ್ಟು ಸಲೀಸಾಗಿ ನಾಲಿಗೆಯ ತುದಿಗೆ ಬಂದದ್ದು ಕಂಡು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ನನಗ ರುಚಿ ಹೋಗಿ ವರ್ಷದ ಮ್ಯಾಲಾತ್ರಿ,” ಅಂದ. ಬಾಗಿಲಲ್ಲಿದ್ದ ಹೆಂಡತಿಯ ಕಡೆ ಕೈ ತೋರಿಸಿದ. “ಇಷ್ಟು ದಿನ ನೀವು ನಂಬಿದ್ದು ಇಕಿ ನಾಲಿಗಿ.”

ದುರುಗಪ್ಪ ಎದ್ದು ಹೋಗಿ ದೊನ್ನೆಯನ್ನು ಹೆಂಡತಿಯ ಕೈಗಿಟ್ಟ. ಗಂಡಸರ ಮುಂದೆ ಹುಲಗೆಮ್ಮ ಕುಡಿದದ್ದು ಅದೇ ಮೊದಲು. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದಳು.

“ಮೊದಲಿಗೆ ಹುರದ ಶೇಂಗಾ,” ಅಂದಳು. “ಸಿಪ್ಪಿ ತುಸು ಕರಕಾಗಿರ್ತೈತಲ್ಲ, ಅಂಥಾದ್ದು. ಹಿಂದ ಬೆಲ್ಲದ ಪಾಕ. ಕಡೀಕ ಸಣ್ಣಗ ಕಹಿ ಐತಿ, ಛಲೋ ಕಹಿ.”

ದೇವೇಂದ್ರಪ್ಪ ಒಂದು ಗುಟುಕು ಕುಡಿದು ನೋಡಿದ. “ಖರೇ ಹೇಳಿದ್ರಿ ಅಕ್ಕಾರ,” ಅಂದ.

ದುರುಗಪ್ಪ ಅವಳ ಪಕ್ಕದಲ್ಲೇ ನೆಲಕ್ಕೆ ಕೂತ. ಅವಮಾನ ಆಗಬೇಕಿತ್ತು, ಆಗಲಿಲ್ಲ. ಕಣ್ಣು ಮುಚ್ಚಿಕೊಂಡ.

“ಇನ್ನೊಮ್ಮಿ ಹೇಳು,” ಅಂದ. “ಸಾವಕಾಶ ಹೇಳು.”