ಕರೆದರೆ ಬಾರದ ನಾಯಿ

ಮೊನ್ನೆ ನಾವುಂದದ ಗುಜರಿ ಅಂಗಡಿಯ ಎದುರು, ತುಕ್ಕು ಹಿಡಿದ ಸೈಕಲ್ಲುಗಳ ನಡುವೆ, ಕೆಂಪು-ಬಿಳಿ ಪಟ್ಟಿ ಬಳಿದ ಪ್ಲಾಸ್ಟಿಕ್ ಪೈಪುಗಳು ಬಿದ್ದಿದ್ದವು. ಆ ಬಣ್ಣ ಬಳಿದವಳು ನಾನೇ. ನೆರೆಮನೆಯ ಪಿ.ಟಿ. ಟೀಚರ್ ನನ್ನ ಕೈಗೆ ಬ್ರಷ್ಷು ಕೊಟ್ಟು ಕೂರಿಸಿದ್ದರು. ಅವರು ಹೋದ ಮೇಲೆ ಮನೆ ಖಾಲಿ ಮಾಡಿದವರು ತೂಕಕ್ಕೆ ಹಾಕಿರಬೇಕು.

ಟೀಚರ್ ನಿವೃತ್ತರಾಗಿ ಬಿಜೂರಿಗೆ ಬಂದಾಗ ಜೊತೆಗಿದ್ದದ್ದು ಎರಡು ಡಾಲ್ಮೇಷಿಯನ್ ನಾಯಿಗಳು. ಎರಡನ್ನೂ ಯಾರೋ ಬೀದಿಗೆ ಬಿಟ್ಟಿದ್ದರು. ಬಿಳಿ ಮೈ, ಕಪ್ಪು ಚುಕ್ಕೆ ಚೆಂದವೆಂದು ಜನ ಮರಿ ತರುತ್ತಾರೆ. ಅದು ದಿನಾ ಮೈಲಿಗಟ್ಟಲೆ ಓಡಬೇಕೆಂದು ತಿಳಿದ ಕೂಡಲೇ ಗೇರುಮರಕ್ಕೆ ಕಟ್ಟಿಹಾಕುತ್ತಾರೆ. ಅಂಥವನ್ನು ತಂದು, ಒಳ್ಳೆಯ ಮನೆ ಸಿಕ್ಕುವವರೆಗೆ ಸಾಕುವುದೇ ಟೀಚರ ಕೆಲಸವಾಗಿತ್ತು. ಕೊಯ್ಲಾದ ಗದ್ದೆಯಲ್ಲಿ ಪೈಪು, ಟಯರು ನೆಟ್ಟು ಅಡೆತಡೆ ಓಟವನ್ನೂ ಕಲಿಸುತ್ತಿದ್ದರು.

ಯಡ್ತರೆಯ ಹೋಟೆಲಿನವರ ಮನೆಯಲ್ಲೊಂದು ನಾಯಿಗೆ ದಿನವೂ ಪೆಟ್ಟು ಬೀಳುತ್ತದೆಂದು ಸುದ್ದಿ ಬಂತು. ಟೀಚರ್ ನನ್ನನ್ನೂ ಎಳೆದುಕೊಂಡು ಹೋದರು. ಚುಕ್ಕೆಗಳ ನಡುವೆ ಬಾಸುಂಡೆಗಳು.

"ಕರ್ದ್ರೆ ಬತ್ತಿಲ್ಲೆ. ಸೊಕ್ಕ್ ಅದ್ಕೆ," ಎಂದರು ಹೋಟೆಲಿನವರು.

ಟೀಚರ್ ನಾಯಿಯ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಅದು ತಿರುಗಲೂ ಇಲ್ಲ.

"ಹ್ವಾಯ್, ಇದ್ಕೆ ಕೆಮಿ ಕೇಂತಿಲ್ಲೆ. ನಿಮ್ಗೆ ಕಣ್ಣೂ ಕಾಂತಿಲ್ಯಾ?"

"ಕೆಪ್ಪ ನಾಯಿ ನಮ್ಗೆಂತಕೆ? ತಕಂಡ್ ಹೋಯ್ನಿ."

ಈ ಜಾತಿಯಲ್ಲಿ ಹುಟ್ಟುಕಿವುಡು ಅಪರೂಪವಲ್ಲ. ಅದನ್ನು ತಿಳಿದುಕೊಳ್ಳದೆ ಹೊಡೆದರಲ್ಲ... ಟೀಚರ್ ಕೊರಳ ವಿಷಲ್ ತೆಗೆದಿಟ್ಟು ಕೈಸನ್ನೆ ಶುರು ಮಾಡಿದರು. ಕೈ ಎತ್ತಿದರೆ ಕೂರು, ಎದೆ ತಟ್ಟಿದರೆ ಬಾ. ಅದು ಮೊದಲ ಸಲ ಓಡಿ ಬಂದ ದಿನ ಗದ್ದೆಯಂಚಿನಲ್ಲಿ ಕೂತು ಅತ್ತರು. ಕಣ್ಣೊರೆಸಿಕೊಂಡು ಹೋಟೆಲಿನವರಿಗೆ ಇನ್ನೊಂದು ಸುತ್ತು ಬೈದರು.

ಬ್ರಹ್ಮಾವರದ ಮೈದಾನದಲ್ಲಿ ನಾಯಿಗಳ ಅಡೆತಡೆ ಓಟ ನಡೆಯಿತು. ನಮ್ಮದು ಒಂದು ಪೈಪನ್ನೂ ಬೀಳಿಸದೆ, ಟೀಚರ ಕೈಯನ್ನೇ ನೋಡುತ್ತ ಓಡಿ ಗೆದ್ದಿತು. ಅದರ ವಿಡಿಯೊ ಊರೆಲ್ಲ ಓಡಾಡಿತು. ಅಷ್ಟೇ. ಮರುವಾರ ಹೋಟೆಲಿನವರು ಊರಿನ ದೊಡ್ಡವರನ್ನು ಕಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದರು.

"ನಾಯಿ ನಮ್ದೇ. ಸಾಕುಕೆ ಕೊಟ್ಟದ್ದ್ ಅಷ್ಟೆ."

ದೊಡ್ಡವರು ತಲೆಯಾಡಿಸಿದರು. "ಒಂದ್ ನಾಯಿಗೆ ಗಲಾಟೆ ಎಂತಕೆ ಟೀಚರೇ?"

ಟೀಚರ್ ಬಾಗಿಲಿಗೆ ಅಡ್ಡ ನಿಂತರು, ಕೂಗಾಡಿದರು. ಕೊನೆಗೆ ಇಬ್ಬರು ಸೇರಿ ನಾಯಿಯನ್ನು ಕಾರಿಗೆ ಎತ್ತಿ ಹಾಕಿದರು. ಅದು ಗಾಜಿನಾಚೆಯಿಂದ ಅವರ ಕೈಯನ್ನೇ ನೋಡುತ್ತಿತ್ತು. ಟೀಚರ್ ಎದೆ ತಟ್ಟಲಿಲ್ಲ. ತಟ್ಟಿದರೆ ಅದು ಗಾಜಿಗೆ ಹಾರುತ್ತಿತ್ತು.

ಹೆದ್ದಾರಿ ಪಕ್ಕದ ಹೋಟೆಲಿನೆದುರು ಅದನ್ನು ಶೋಕಿಗೆ ಕಟ್ಟಿದರು. ಗಿರಾಕಿಗಳು ಫೋಟೊ ತೆಗೆಸಿಕೊಂಡರು. ಒಂದು ತಿಂಗಳೂ ಆಗಿರಲಿಲ್ಲ, ಹಗ್ಗ ಬಿಚ್ಚಿಕೊಂಡು ರಸ್ತೆಗಿಳಿಯಿತು. ಲಾರಿಯವನು ಹಾರ್ನ್ ಹಾಕಿದನಂತೆ. ಹಾರ್ನ್!

ಟೀಚರ್ ಮಧ್ಯಾಹ್ನದ ಊಟದ ಹೊತ್ತಿಗೇ ಹೋಗಿ, ತುಂಬಿದ ಹೋಟೆಲಿನ ನಡುವೆ ನಿಂತು, ಪೆಟ್ಟಿನಿಂದ ಲಾರಿಯವರೆಗೆ ಎಲ್ಲವನ್ನೂ ಹೇಳಿದರು. ಮೈದಾನದ ಆಚೆ ತುದಿಗೂ ಕೇಳುವಂಥ ಗಂಟಲು ಅವರದು. ಕೆಲವರು ಅರ್ಧ ಊಟಕ್ಕೇ ಎದ್ದರು. ಉಳಿದವರು ಸಾರು ಹಾಕಿಸಿಕೊಂಡರು.

ಆಮೇಲೂ ಎಷ್ಟೋ ನಾಯಿಗಳನ್ನು ತಂದರು, ಸಾಕಿದರು, ಮನೆ ಹುಡುಕಿ ಕೊಟ್ಟರು. ಕೊಡುವಾಗ ಮಾತ್ರ ಹಗ್ಗವನ್ನು ಬೇಗ ಬಿಡುತ್ತಿರಲಿಲ್ಲ... ಕಳೆದ ಮಳೆಗಾಲದಲ್ಲಿ ತೀರಿಕೊಂಡರು.

ಗುಜರಿ ಅಂಗಡಿಯಿಂದ ಬರುವಾಗ ಬಿಜೂರಿನಲ್ಲಿ ಇಳಿಯದೆ ಮುಂದೆ ಹೋಗಿ ಆ ಹೋಟೆಲಿನೆದುರು ಬಸ್ಸಿಳಿದೆ. ಸುಡುಬಿಸಿಲಲ್ಲಿ ಒಂದು ಚುಕ್ಕೆಮರಿ ಕಟ್ಟಿದ್ದರು. ಸರಪಳಿ ಕಾಲಿಗೆ ಸುತ್ತಿಕೊಂಡಿತ್ತು, ನೀರಿನ ಬಟ್ಟಲು ಒಣಗಿತ್ತು. ನಾನು ಬಗ್ಗಿದ್ದು ಕಂಡು ಹೋಟೆಲಿನವರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ನಕ್ಕರು.

"ಹೆದ್ರ್‌ಬೇಡಿ, ಇದ್ಕೆ ಕೆಮಿ ಕೇಂತ್. ಪರೀಕ್ಷೆ ಮಾಡಿಯೇ ತಂದದ್ದ್."

ಸರಪಳಿ ಬಿಡಿಸಿ ಮರಿಯನ್ನು ನೆರಳಿಗೆ ಎಳೆದು ಕಟ್ಟಿದೆ. ಒಳಗೆ ನುಗ್ಗಿ ಅವರ ಮೇಜಿನ ಮೇಲಿನ ಜಗ್ಗನ್ನೇ ತಂದು ಬಟ್ಟಲಿಗೆ ಸುರಿದೆ. ಇಲ್ಲಿ ಬಂದು ನಿಲ್ಲಬೇಕಾದವರು ಟೀಚರ್. ಅವರಿಲ್ಲ. ಅವರ ಗಂಟಲೂ ನನಗಿಲ್ಲ.

"ನಾಳೆಯೂ ಬತ್ತೆ," ಎಂದೆ. "ದಿನಾ ಬತ್ತೆ."