ಇಳಿಸು ಅಂದರೆ ಇಳಿಸಬೇಕು

ನನ್ನ ಗಂಡನನ್ನು ಎಲ್ಲರೂ ಕರೆಯುವುದು 'ಬೀರು' ಎಂದು. ಮನೆ ಬದಲಾಯಿಸುವವರ ಸಾಮಾನು ಹೊತ್ತು ಸಾಗಿಸುವುದು ಅವರ ಕಸುಬು. ಕಬ್ಬಿಣದ ಬೀರುವನ್ನು ಮೂರನೇ ಮಹಡಿಗೆ ಏರಿಸುವಾಗಲೂ ಏನಾದರೊಂದು ಗುನುಗುತ್ತಲೇ ಇರುವ ಪ್ರಾಣಿ ಅದು. ನಾನು ಅವರನ್ನು ಮೊದಲು ಕಂಡದ್ದು ನಮ್ಮಪ್ಪ ಬಾಡಿಗೆ ಮನೆ ಖಾಲಿ ಮಾಡಿದ ದಿನ. ನಿಲುವುಗನ್ನಡಿಯನ್ನು ಬೆನ್ನಿಗೆ ಕಟ್ಟಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಹಿಂದೆ ಬರುತ್ತಿದ್ದ ನನಗೆ ಕನ್ನಡಿಯಲ್ಲಿ ಕಂಡದ್ದು ನನ್ನದೇ ಮುಖ, ಅದೂ ಹಲ್ಲು ಕಿರಿಯುತ್ತಾ! ನನ್ನ ಕಥೆ ಅಲ್ಲಿಗೆ ಮುಗಿಯಿತು ಅಂದುಕೊಳ್ಳಿ.

ಮದುವೆಯಾದ ಹೊಸದರಲ್ಲಿ ಆಳು ಇಟ್ಟುಕೊಳ್ಳಲು ಗತಿಯಿರಲಿಲ್ಲ. ಬೀರುವಿನ ಮೇಲಿನ ತುದಿ ನಾನು ಹಿಡಿಯುತ್ತಿದ್ದೆ, ಕೆಳಗಿನ ತುದಿ ಅವರದು. ಭಾರವೆಲ್ಲ ಕೆಳಗಿರುವವರ ಮೇಲೆ, ಆದರೆ ಅವರ ಕಣ್ಣಿಗೆ ಬೀರು ಬಿಟ್ಟರೆ ಬೇರೇನೂ ಬೀಳದು. ಅದಕ್ಕೇ ಆ ಕಸುಬಿನಲ್ಲಿ ಒಂದು ಕಟ್ಟುನಿಟ್ಟು. ಮೇಲಿರುವವರು 'ಇಳಿಸು' ಎಂದರೆ ಆ ಕ್ಷಣ ಇಳಿಸಬೇಕು. ಯಾಕೆ, ಏನು, ತಾಳು, ಇನ್ನೊಂದೇ ಮೆಟ್ಟಿಲು, ಇದೆಲ್ಲ ಆಮೇಲೆ. ಗಂಡನನ್ನು ಏಕವಚನದಲ್ಲಿ ಗದರಲು ನನಗೆ ಪರವಾನಗಿ ಇದ್ದದ್ದು ಆ ಒಂದು ಮಾತಿಗೆ ಮಾತ್ರ. ಹಾಗಾಗಿ ಅಗತ್ಯ ಇಲ್ಲದಾಗಲೂ ಆಗಾಗ ಬಳಸಿಕೊಂಡಿದ್ದೇನೆ.

ಮೊನ್ನೆ ಬೆಳಿಗ್ಗೆ ಯಾರದೋ ಸೋಫಾ ಏರಿಸುತ್ತಿದ್ದ ಇವರು ಮೆಟ್ಟಿಲ ಮೇಲೆ ಕುಸಿದು ಕೂತರಂತೆ. ಜೊತೆಗಿದ್ದ ನನ್ನ ತಮ್ಮ ಫೋನ್ ಮಾಡಿದ. ಓಡಿದೆ. ಮುಖವೆಲ್ಲ ಬೆವರು. "ಎದೆ ಮೇಲೆ ಯಾರೋ ಕೂತ ಹಾಗಿದೆ ಕಣೇ" ಎಂದರು. ನನ್ನ ಜೀವ ಬಾಯಿಗೆ ಬಂತು. ಆಟೋ ಹತ್ತಿಸಿ ದೊಡ್ಡ ಆಸ್ಪತ್ರೆಯ ಕಡೆ ಹೊರಟರೆ, ಅರ್ಧ ದಾರಿಯಲ್ಲಿ ಒಂದು ಭಾರೀ ತೇಗು. ಅಷ್ಟೇ, ನೋವು ಮಾಯ! ಹೇಗೂ ಹೊರಟಾಗಿದೆ, ಒಮ್ಮೆ ತೋರಿಸಿಯೇಬಿಡೋಣ ಎಂದೆ.

ಆಮೇಲೆ ಇಬ್ಬರಿಗೂ ಹಿಡಿದದ್ದು ಹುಚ್ಚು ಖುಷಿ. ಹೋದ ಜೀವ ಬಂದಂತಾಗಿ ನಾನು ಕಾರಣವಿಲ್ಲದೆ ಕಿಸಿಕಿಸಿ ನಗುತ್ತಿದ್ದೆ. ಅವರಂತೂ ಆಸ್ಪತ್ರೆಯ ಬಾಗಿಲಲ್ಲೇ ನಿಂತು, ಒಳಗಿದ್ದ ಭಾರೀ ಮೇಜು ತೋರಿಸಿ, "ಈ ಮೇಜನ್ನ ಒಳಗೆ ತಂದವನ ಕಾಲಿಗೆ ಬೀಳ್ಬೇಕು, ಈ ಬಾಗಿಲಲ್ಲಿ ಅದು ಹೇಗೆ ತೂರ್ತು?" ಎಂದು ಕಾವಲುಗಾರನ ತಲೆ ತಿಂದರು. ತಪಾಸಣೆಗೆ ಟ್ರೆಡ್‌ಮಿಲ್ ಎಂಬ ಓಡುವ ಯಂತ್ರದ ಮೇಲೆ ನಡೆಸುತ್ತಾರೆ ಎಂದು ತಿಳಿದಾಗ ಕೇಳಬೇಕೆ? "ಭಾವ, ಮೆಷಿನ್ನಿಗೇ ಸುಸ್ತಾಗ್ಬೇಕು" ಎಂದು ಸೋಫಾ ತಲುಪಿಸಲು ಅಲ್ಲೇ ಉಳಿದಿದ್ದ ನನ್ನ ತಮ್ಮ ಬೇರೆ ಫೋನಿನಲ್ಲಿ ಗಾಳಿ ಹಾಕಿದ.

ನಡೆಸುವ ಮೊದಲು ನರ್ಸ್ ಅವರನ್ನು ಮಲಗಿಸಿ, ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದಳು.

"ಈಗ ನೋವಿದೆಯಾ?"

"ಎಲ್ಲಿ ನೋವು ತಾಯಿ? ದಾರೀಲೇ ಇಳಿದು ಹೋಯ್ತು."

ಅವಳು ನಕ್ಕಳು. ಆಮೇಲೆ ಕಾಗದ ನೋಡಿದಳು, ನಗು ನಿಂತಿತು. "ಯಂತ್ರ ಹತ್ಬೇಡಿ, ಡಾಕ್ಟರನ್ನ ಕರೀತೀನಿ" ಎಂದು ಓಡಿದಳು.

ಸುಮ್ಮನೆ ಕೂರುವ ಆಸಾಮಿಯೇ ಇವರು? ವೈರು ಕಿತ್ತು, ಯಂತ್ರ ಹತ್ತಿ, ಕಂಡ ಗುಂಡಿ ಒತ್ತಿಯೇಬಿಟ್ಟರು. ಕಾಲಡಿಯ ಪಟ್ಟಿ ಉರುಳತೊಡಗಿತು. "ನೋಡೇ, ಬಾಡಿಗೆ ಇಲ್ಲದ ಸವಾರಿ!" ನಾನೂ ಬಿದ್ದು ಬಿದ್ದು ನಕ್ಕೆ.

ಡಾಕ್ಟರಮ್ಮ ಕಾಗದ ಹಿಡಿದುಕೊಂಡೇ ನುಗ್ಗಿದರು. "ಇಳೀರಿ! ಓಡಿದ್ರೆ ಇಲ್ಲೇ ಹೃದಯ ನಿಂತುಹೋಗ್ಬಹುದು!"

"ಅಯ್ಯೋ, ನೋವೇ ಇಲ್ಲ ಡಾಕ್ಟ್ರೇ, ನೋಡಿ ನನ್ನ ನಡಿಗೆ!" ಎಂದು ಈ ಮಹಾರಾಯರು ಕಾಲು ಇನ್ನೂ ಬೀಸಾಗಿ ಹಾಕಿದರು.

ನಾನು ಡಾಕ್ಟರಮ್ಮನ ಮುಖ ನೋಡಿದೆ. ಅವರಿಗೆ ಏನೋ ಕಾಣುತ್ತಿತ್ತು, ಇವರಿಗೆ ಕಾಣುತ್ತಿರಲಿಲ್ಲ. ಹೊಟ್ಟೆಯಾಳದಿಂದ ಕಿರುಚಿದೆ:

"ಇಳಿಸು!"

ಅಬ್ಬಾ, ಆ ದೇಹ ಮರೆತಿರಲಿಲ್ಲ. ಕಾಲು ತಟ್ಟನೆ ನಿಂತಿತು, ಮಂಡಿ ಬಾಗಿತು, ಇಲ್ಲದ ಬೀರುವೊಂದನ್ನು ಎರಡೂ ಕೈಗಳು ಮೆತ್ತಗೆ ಕೆಳಗಿಟ್ಟವು. ಪಟ್ಟಿ ಅವರನ್ನು ಹಾಗೇ ಹಿಂದಕ್ಕೆ ಸಾಗಿಸಿ ನನ್ನ ಕಾಲ ಬುಡದಲ್ಲಿ ಕೂರಿಸಿತು. ಕೂತ ಮೇಲೆಯೇ ಕೇಳಿದರು, "ಯಾಕೆ?"

ಡಾಕ್ಟರಮ್ಮನ ಹಿಂದೆಯೇ ಬಂದಿದ್ದ ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಗು ನುಂಗಿದಳು. ಡಾಕ್ಟರಮ್ಮ ಯಂತ್ರ ನಿಲ್ಲಿಸಿ, ನೆಲದ ಮೇಲೆ ಇವರ ಪಕ್ಕದಲ್ಲೇ ಕೂತು ಕಾಗದ ತೋರಿಸಿದರು. "ಈ ಅಲೆ ನೋಡಿ, ಮೇಲೆ ಹೋಗಿದ್ದು ಗೆರೆಗಿಂತ ಕೆಳಗೆ ಬಿದ್ದಿದೆ. ಹೃದಯದ ಮುಂಭಾಗಕ್ಕೆ ಹೋಗೋ ದೊಡ್ಡ ರಕ್ತನಾಳ ಮುಚ್ಚೋ ಹಾಗಿದೆ ಅನ್ನೋ ಎಚ್ಚರಿಕೆ ಇದು. ತಮಾಷೆ ಅಂದ್ರೆ, ನೋವು ಹೋದ ಮೇಲೇ ಇದು ಕಾಣೋದು."

"ಅಂದ್ರೆ ನೋವು ಹೋಯ್ತು ಅಂತ ನಾನು ಕುಣಿದದ್ದು..."

"ಕುಣಿದದ್ದು ಸಾಕು, ಮಲಗಿ."

ತಳ್ಳುಗಾಡಿಯಲ್ಲಿ ಕರೆದೊಯ್ಯುವಾಗಲೂ ಬಾಯಿ ನಿಲ್ಲಲಿಲ್ಲ. "ಎಡಕ್ಕೆ ತಿರುಗಿಸಪ್ಪಾ, ಮೂಲೆ ನೋಡ್ಕೋ, ಪಾಲಿಶ್ ಹೋದೀತು!" ಬಾಗಿಲು ಮುಚ್ಚಿಕೊಂಡಾಗ ಮಾತು ಕೇಳದಾಯಿತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಅವರ ಶರ್ಟು, ಚಪ್ಪಲಿ, ಭಾರ ಹೊರುವ ಪಟ್ಟಿ, ನೀರಿನ ಬಾಟಲಿ, ಊಟದ ಡಬ್ಬಿ, ಎಲ್ಲವನ್ನೂ ಎದೆಗೆ ಅವುಚಿಕೊಂಡು ನಿಂತೆ. ತಮ್ಮ ಬಂದು, "ಅಕ್ಕಾ, ಕೂತ್ಕೋ" ಎಂದ. ಕೂರಲಾಗಲಿಲ್ಲ. ಆ ಡಬ್ಬಿ ಕೆಳಗಿಟ್ಟರೆ ಅವರೇ ಕೈತಪ್ಪಿ ಹೋಗುತ್ತಾರೇನೋ ಎಂಬ ಮಂಕು ನನಗೆ.

ಕೊನೆಗೂ ಡಾಕ್ಟರಮ್ಮ ಹೊರಗೆ ಬಂದರು. "ಕೂದಲೆಳೆಯಷ್ಟು ದಾರಿ ಉಳಿದಿತ್ತು. ಸ್ಟೆಂಟ್ ಹಾಕಿ ತೆರೆದಿದ್ದೀವಿ. ಚೆನ್ನಾಗಿದ್ದಾರೆ."

ಹಿಂದೆಯೇ ತಳ್ಳುಗಾಡಿ ಬಂತು. ಮುಖ ಬಿಳಿಚಿಕೊಂಡಿತ್ತು, ಕಣ್ಣು ಮಾತ್ರ ಅದೇ ತುಂಟ ಕಣ್ಣು. ಸಂತೆ ಹೊತ್ತವಳಂತೆ ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇಳಿಸು" ಎಂದರು.

ಇಳಿಸಿದೆ. ನಡುದಾರಿಯಲ್ಲೇ. ಡಬ್ಬಿ ಉರುಳಿ ಎಲ್ಲಿಗೋ ಹೋಯಿತು. ಆಮೇಲೆ ಕೇಳಿದೆ, "ಯಾಕೆ?"

"ಕೈ ಖಾಲಿ ಇದ್ರೆ ತಾನೇ ನನ್ನ ಕೈ ಹಿಡ್ಕೊಳೋದು?"