ಎಲ್ಡನ್ ರೂಪ್ ಎಳೆದ ಹಳದಿ ಗೆರೆ

ಎಲ್ಡನ್ ರೂಪ್ ನನಗೆ ಸುಳ್ಳು ಹೇಳಿದ. ಅವನು ತೀರಿಕೊಂಡು ನಾಲ್ಕು ವರ್ಷವಾಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ ಎಂದು ನನ್ನ ಹೆಂಡತಿ ಲೊರೀನ್ ಹೇಳುತ್ತಲೇ ಇರುತ್ತಾಳೆ. ಇಟ್ಟುಕೊಂಡಿದ್ದೇನೆ. ನನ್ನ ಗಾಡಿಯ ಬಗ್ಗೆ, ನನ್ನ ಮುಖ ನೋಡಿಕೊಂಡೇ ಅವನು ಸುಳ್ಳು ಹೇಳಿದ, ಆ ಸುಳ್ಳನ್ನು ಹದಿನಾರು ತಿಂಗಳು ನಾನು ಊರೆಲ್ಲ ಹೊತ್ತು ಮೆರೆದೆ. ಟ್ಯಾನರ್ ಊರಿನಲ್ಲಿ ಇವತ್ತಿಗೂ ನನ್ನನ್ನು ಮರ್ಲ್ ಎಂದು ಕರೆಯುವವರಿಗಿಂತ 'ನೂರಾ ಎಂಬತ್ತೇಳು' ಎಂದು ಕರೆಯುವವರೇ ಹೆಚ್ಚು. ಅದಕ್ಕೆ ಕಾರಣ ಅವನು.

ಎಲ್ಡನ್ ಇಪ್ಪತ್ತೆರಡು ವರ್ಷ ಕಲ್ಲಿದ್ದಲ ಗಣಿಯಲ್ಲಿ ದೊಡ್ಡ ಯಂತ್ರಗಳ ರಿಪೇರಿ ಮಾಡಿದವನು. ಎಡಗೈಯ ಎರಡು ಬೆರಳು ಅಲ್ಲೇ ಫ್ಯಾನ್ ಬೆಲ್ಟಿಗೆ ಹೋದವು. ಆಮೇಲೆ ಊರಾಚೆ ಮುಚ್ಚಿಹೋಗಿದ್ದ ಹಾಲಿನ ಡೈರಿಯನ್ನು ಕೊಂಡುಕೊಂಡು ವರ್ಕ್‌ಶಾಪ್ ಮಾಡಿಕೊಂಡ. ಗೋಡೆಗೆಲ್ಲ ಬಿಳಿ ಟೈಲ್ಸು. ಚೆಲ್ಲಿದ ಹಾಲು ಹರಿದು ಹೋಗಲೆಂದು ಮಾಡಿದ್ದ ಇಳಿಜಾರು ನೆಲದಲ್ಲಿ ಈಗ ಎಂಜಿನ್ ಆಯಿಲ್ ಹರಿಯುತ್ತಿತ್ತು. ಸದಾ ಸೂರ್ಯಕಾಂತಿ ಬೀಜ ಜಗಿಯುತ್ತ, ಸಿಪ್ಪೆಯನ್ನು ಅಂಗಿಯ ಜೇಬಿಗೇ ಉಗುಳಿಕೊಳ್ಳುತ್ತಿದ್ದ. ಅವನು ಮುಟ್ಟುತ್ತಿದ್ದುದು ಹಳೆಯ ಡೀಸೆಲ್ ಪಿಕಪ್‌ಗಳನ್ನು ಮಾತ್ರ, ಒಳಗೆ ಕಂಪ್ಯೂಟರ್ ಇಲ್ಲದವನ್ನು. ಪೊರಕೆಯ ಕೋಲಿನ ಒಂದು ತುದಿಯನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗಿಟ್ಟುಕೊಂಡು ಕಾಲು ಗಂಟೆ ಅಲುಗದೆ ನಿಂತಿರುತ್ತಿದ್ದ. ನನಗೆ ಅದನ್ನು ನೋಡುತ್ತ ನಿಲ್ಲುವುದೇ ಹಿಂಸೆ. ನಾನು ಒಂದು ಕಡೆ ನಿಲ್ಲುವವನಲ್ಲ.

ಆ ಹಳೆಯ ಎಂಜಿನ್ನುಗಳ ಡೀಸೆಲ್ ಪಂಪಿನೊಳಗೆ ಹೆಬ್ಬೆರಳಷ್ಟು ಅಗಲದ ಉಕ್ಕಿನ ಬಿಲ್ಲೆಯೊಂದು ಇರುತ್ತದೆ. ಅದನ್ನು ಕೊಂಚ ಮುಂದೆ ಸರಿಸಿದರೆ ಎಂಜಿನ್ನಿಗೆ ಡೀಸೆಲ್ ಹೆಚ್ಚು ಹೋಗುತ್ತದೆ, ಅಂಚನ್ನು ಉಜ್ಜಿ ಸವೆಸಿದರೆ ಇನ್ನೂ ಹೆಚ್ಚು. ಡೀಸೆಲ್ ಹೆಚ್ಚಿದಷ್ಟೂ ಶಕ್ತಿ. ಸ್ಪ್ಯಾನರ್ ಹಿಡಿಯಲು ಬರುವ ಯಾವನೂ ಅರ್ಧ ಗಂಟೆಯಲ್ಲಿ ಈ ಕೆಲಸ ಮಾಡಬಹುದು. ಅದಕ್ಕೇ ಎಲ್ಡನ್ ತನ್ನ ಕೈಯಾರೆ ಬಿಲ್ಲೆ ಕೂರಿಸಿದ ಮೇಲೆ, ಕುರಿಗಳ ಬೆನ್ನಿಗೆ ಗುರುತು ಹಾಕುವ ಹಳದಿ ಬಣ್ಣವನ್ನು ತೆಗೆದುಕೊಂಡು ಬೋಲ್ಟುಗಳಿಂದ ಮುಚ್ಚಳದವರೆಗೆ ಒಂದು ಗೆರೆ ಎಳೆಯುತ್ತಿದ್ದ. ಬೋಲ್ಟು ತಿರುಗಿದರೆ ಗೆರೆ ಮುರಿಯುತ್ತದೆ. ಗೆರೆ ಮುರಿದ ಗಾಡಿಯನ್ನು ಅವನು ಮತ್ತೆ ಮುಟ್ಟುತ್ತಿರಲಿಲ್ಲ. ಕೈಕಾಲು ಹಿಡಿದರೂ ಇಲ್ಲ.

ಈ ಕೆಲಸಕ್ಕೆ ಅವನು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಅವನು ಹೇಳಿದ ದಿನ, ಹೇಳಿದ ಊರಿಗೆ ಅವನದೊಂದು ಲೋಡ್ ಎಳೆದುಕೊಡಬೇಕು, ಅಷ್ಟೇ. ಅವನ ಮನೆಯ ಸೌದೆ, ಇಗರ್ಜಿಯ ಬೆಂಚುಗಳು, ಮಗಳು ಜೂನೆಲ್ ಮದುವೆಯಾಗಿ ಬೆಟ್ಟದಾಚೆಗೆ ಹೋದಾಗ ಅವಳ ಸಾಮಾನು, ಎಲ್ಲವೂ ಹೀಗೇ ಸಾಗಿದ್ದು. ಯಾರ ಲೋಡ್ ಆಗಿದೆ, ಯಾರದ್ದು ಬಾಕಿ ಎನ್ನುವುದು ಅವನ ತಲೆಯಲ್ಲೇ ಇರುತ್ತಿತ್ತು.

ನಾನು ನನ್ನ ಗಾಡಿಯನ್ನು ಅವನ ಹತ್ತಿರ ಒಯ್ದದ್ದು ಒಂದು ಮಾರ್ಚ್‌ನಲ್ಲಿ. ಕ್ರೇಟನ್ ಘಾಟಿಯಾಚೆ ಕುರಿ ಸಾಕುವ ಎಚೆವೆರಿ ಅಣ್ಣತಮ್ಮಂದಿರಿಗೆ ಹುಲ್ಲು ಸಾಗಿಸುವುದು ನನ್ನ ಹೊಟ್ಟೆಪಾಡು. ದಿನಕ್ಕೆ ಎರಡು ಲೋಡ್ ತರುವವನಿಗೇ ಇನ್ನು ಮುಂದೆ ಕೆಲಸ ಎಂದು ಅವರು ಹೇಳಿಬಿಟ್ಟಿದ್ದರು. ನಮ್ಮೂರಿನ ಗಾರ್ತ್ ಸೋರೆನ್ ಹೊಸ ಗಾಡಿ ಕೊಂಡು, ತೊಳೆದು, ಕಾಯುತ್ತ ಕೂತಿದ್ದ. ನನ್ನದು ತೊಂಬತ್ತಾರರ ಪಿಕಪ್. ಹಿಂದಿನ ಟ್ರೈಲರಿನಲ್ಲಿ ಹದಿನಾರು ದೊಡ್ಡ ಹುಲ್ಲಿನ ಪೆಂಡಿ, ಅಂದರೆ ಎಂಟು ಟನ್ನು, ಹೇರಿದರೆ ಎರಡನೇ ಗೇರಿನಲ್ಲಿ ತೆವಳಿಕೊಂಡು ಘಾಟಿ ಹತ್ತುತ್ತಿತ್ತು. ಒಂದು ಲೋಡಿಗೇ ದಿನ ಮುಗಿಯುತ್ತಿತ್ತು. ಆ ಕೆಲಸ ಹೋದರೆ ನನಗೆ ಬೇರೆ ಏನೂ ಬರುವುದಿಲ್ಲ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು.

ಡೀಸೆಲ್ ಹೆಚ್ಚು ಚಿಮ್ಮುವ ಹೊಸ ಇಂಜೆಕ್ಟರ್‌ಗಳ ಡಬ್ಬಿಯನ್ನು ಎಲ್ಡನ್ ಮೇಜಿನ ಮೇಲೆ ಇಟ್ಟೆ. ಇವನ್ನು ಹಾಕು, ಬಿಲ್ಲೆಯನ್ನು ಪೂರ್ತಿ ಮುಂದಕ್ಕೆ ತಳ್ಳು, ನನಗೆ ಶಕ್ತಿ ಬೇಕು ಎಂದೆ. ಅವನು ಕೋಲು ಹಿಡಿದು ಎಂಜಿನ್ ಕೇಳಿದ. ಟ್ರೈಲರಿನ ಸುತ್ತ ಒಂದು ಸುತ್ತು ಬಂದ.

"ಹತ್ತೋದು ಸರಿ. ಇಳಿಯೋದು ಹೆಂಗೆ?"

"ಇಳಿಯೋಕೇನು, ಅದು ತಾನಾಗೇ ಇಳೀತದೆ."

"ಕ್ಲಚ್ಚು?"

"ಕ್ಲಚ್ ಚೆನ್ನಾಗೇ ಇದೆ. ಅದರ ಮಾತು ಮುಂದಿನ ವರ್ಷ."

ಅವನು ಬೀಜದ ಸಿಪ್ಪೆಯನ್ನು ಜೇಬಿಗೆ ಉಗುಳಿ, ಒಂಬತ್ತು ದಿನ ಬಿಟ್ಟು ಬಾ ಎಂದ. ಒಂಬತ್ತು ದಿನ ನಾನು ಮನೆಯಲ್ಲಿ ಕೂತಲ್ಲಿ ಕೂರಲಿಲ್ಲ. ಬೇಲಿ ಕಂಬ ಬದಲಿಸಿದೆ, ಬದಲಿಸಿದ್ದನ್ನೇ ಮತ್ತೆ ಕಿತ್ತು ನೆಟ್ಟೆ. ಕಡೆಗೆ ಲೊರೀನ್ ನನ್ನನ್ನು ತನ್ನ ಅಮ್ಮನ ಮನೆಗೆ ಕಳಿಸುವ ಮಾತಾಡಿದಳು. ಅವಳು ಹೋಗುವುದಲ್ಲ, ನಾನು ಹೋಗುವುದು.

ಹತ್ತನೇ ದಿನ ಗಾಡಿ ಘಾಟಿಯನ್ನು ಮೂರನೇ ಗೇರಿನಲ್ಲಿ ಹತ್ತಿತು. ಹಾಡುತ್ತ ಹತ್ತಿತು. ದಿನಕ್ಕೆ ಎರಡು ಲೋಡ್ ಆಯಿತು, ಎಚೆವೆರಿ ಕೆಲಸ ಉಳಿಯಿತು. ಪಂಪನ್ನು ಏರಿಸಿದ್ದೇನೆ, ಹಳದಿ ಗೆರೆ ಮುಟ್ಟಬೇಡ ಎಂದಷ್ಟೇ ಎಲ್ಡನ್ ಹೇಳಿದ್ದ. ಸೀಟಿನ ಪಕ್ಕ, ಮೊಣಕಾಲ ಹತ್ತಿರ ಹೊಸದೊಂದು ಕೈಹಿಡಿ ಇತ್ತು. ಟ್ರೈಲರಿನ ಬ್ರೇಕನ್ನು ಮಾತ್ರ ಬೇರೆಯಾಗಿ ಹಿಡಿಯುವುದಕ್ಕೆ. ನಾನು ಅದಕ್ಕೆ ಟೋಪಿ ನೇತುಹಾಕಿದೆ.

ಮುಂದಿನ ವರ್ಷದ ಜುಲೈ ಸಂತೆಗೆ ಯಾರೋ ಉರುಳೆ ಯಂತ್ರ ತಂದರು. ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿದರೆ ಗಾಡಿಯ ಎಚ್‌ಪಿ ದೊಡ್ಡ ಪರದೆಯ ಮೇಲೆ ಬರುತ್ತದೆ. ಮುನ್ನೂರೈವತ್ತಕ್ಕೆ ಒಂದು ಕಮ್ಮಿಯಾದರೂ ನನ್ನ ಟೋಪಿ ತಿನ್ನುತ್ತೇನೆ ಎಂದು ನಾನು ಎಲ್ಲರಿಗೂ ಹೇಳಿಯಾಗಿತ್ತು. ಗಾರ್ತ್‌ನ ಗಾಡಿ ಮುನ್ನೂರಾ ಅರವತ್ತೊಂದು ತೋರಿಸಿತು. ಆಮೇಲೆ ನನ್ನದು. ಪರದೆಯ ಮೇಲೆ ನೂರಾ ಎಂಬತ್ತೇಳು ಬಂದು ನಿಂತಿತು.

ಮೈಕ್ ಹಿಡಿದಿದ್ದವನು, "ಇದು ಎಲ್ಲಾ ಚಕ್ರ ಸೇರಿಸಿ ಸ್ವಾಮಿ" ಎಂದ. ಜನ ನಕ್ಕರು. ಪಾದ್ರಿ ಕೂಡ ನಕ್ಕರು. ಗಾರ್ತ್ ಬಂದು, ಉಪ್ಪು ಬೇಕಾ, ಟೋಪಿಗೆ, ಎಂದು ಕೇಳಿದ.

ಅಲ್ಲಿಂದ ನೇರ ಡೈರಿಗೆ ಹೋದೆ. ಎಲ್ಡನ್ ಒಂದು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ. ಅವನ ಬೂಟುಗಳಿಗೇ ಕೂಗಾಡಿದೆ. ಹೊರಗೆ ಬರುವ ಆತುರವೇನೂ ಅವನಿಗಿರಲಿಲ್ಲ.

"ಸುಳ್ಳು ಹೇಳಿದೆ ನೀನು."

"ಹೂಂ. ಹೇಳ್ದೆ."

"ನನ್ನ ಇಂಜೆಕ್ಟರ್ ಎಲ್ಲಿ?"

"ಅವನ್ನ ಕೊಟ್ಟು ನಿನ್ನ ಟ್ರೈಲರಿಗೆ ಬ್ರೇಕ್ ತಗೊಂಡೆ. ಜಖಂ ಆದ ದೊಡ್ಡ ಲಾರಿದು."

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಗಾಳಿ ಹೋಗುವ ರಬ್ಬರ್ ಪೈಪ್ ಸೀಳಿತ್ತು, ಅದನ್ನು ಬದಲಿಸಿದ್ದ. ವಾಲ್ವುಗಳ ಸಂದು ಸರಿಮಾಡಿದ್ದ. ಬಿಲ್ಲೆಯನ್ನು ಬೆಂಕಿಕಡ್ಡಿಯ ದಪ್ಪದಷ್ಟು ಮಾತ್ರ ಸರಿಸಿದ್ದ. ನಾನು ಮೆರೆದದ್ದೆಲ್ಲ ನನ್ನ ಗಾಡಿಗೆ ಹುಟ್ಟಿನಿಂದಲೇ ಇರಬೇಕಾಗಿದ್ದ ಶಕ್ತಿ, ಮೇಲೊಂದು ಚಿಟಿಕೆ. ಅದಕ್ಕಿಂತ ಹೆಚ್ಚನ್ನು ನಿನ್ನ ಕ್ಲಚ್ ತಡೆಯಲ್ಲ ಎಂದ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ಗಾಡಿ ತಗೊಂಡು ಬೇರೆ ಕಡೆ ಹೋಗ್ತಿದ್ದೆ. ಅಲ್ಲಿ ನೀನು ಹೇಳಿದಂಗೇ ಮಾಡಿಕೊಡ್ತಿದ್ರು."

ಹೋಗುತ್ತಿದ್ದೆ, ನಿಜ. ಅದು ಬೇರೆ ಮಾತು. ಮನುಷ್ಯನಿಗೆ ಎದುರಿಗೆ ಹೇಳಬೇಕು.

ನಾನು ಬಾಗಿಲು ದಾಟುವಾಗ ಅವನು ಕೈ ಒರೆಸಿಕೊಳ್ಳುತ್ತ, ಕೈ ನಡುಗುತ್ತದೆ, ಅಂಗಡಿ ಮುಚ್ಚುತ್ತಿದ್ದೇನೆ ಎಂದ. ಕಬ್ಬಿಣ ಕಡೆಯುವ ತನ್ನ ಲೇತ್ ಯಂತ್ರವನ್ನು ಜೂನೆಲ್ ಗಂಡನಿಗೆ ಕೊಟ್ಟಿದ್ದ. "ಅಕ್ಟೋಬರ್‌ನಲ್ಲಿ ಸಾಗಿಸಬೇಕು ಮರ್ಲ್. ನಿನ್ನದೊಂದು ಲೋಡ್ ಬಾಕಿ ಇದೆ."

"ನೂರಾ ಎಂಬತ್ತೇಳು ಎಚ್‌ಪಿ ಗಾಡೀಲಿ ಲೇತ್ ಎಳೆಯೋಕಾಗಲ್ಲ," ಎಂದೆ. "ಗಾರ್ತ್‌ಗೆ ಹೇಳು."

ಆ ಭಾನುವಾರ ಬೆಳಿಗ್ಗೆ, ಲೊರೀನ್ ಇಗರ್ಜಿಗೆ ಹೋದ ಮೇಲೆ, ಹಳದಿ ಗೆರೆಯ ಮೇಲೆ ಸ್ಪ್ಯಾನರ್ ಇಟ್ಟೆ. ಬಣ್ಣ ಚಕ್ಕೆಯಾಗಿ ಎದ್ದು ಬಂತು. ಬಿಲ್ಲೆಯನ್ನು ಅರದಿಂದ ಉಜ್ಜಿ ಪೂರ್ತಿ ಮುಂದಕ್ಕೆ ತಳ್ಳಿದೆ. ಹೊಸ ಇಂಜೆಕ್ಟರ್ ತಂದು ಹಾಕಿದೆ. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಬೆನ್ನಿಗೆ ಒದ್ದಂತೆ ಮುಂದಕ್ಕೆ ಹಾರಿತು, ಹಗ್ಗದ ಮೇಲೆ ಒಣಗಲು ಹಾಕಿದ್ದ ಬಟ್ಟೆಗಳೆಲ್ಲ ಹೊಗೆಗೆ ಕಪ್ಪಾದವು. ಕ್ಲಚ್ ಬದಲಿಸಲಿಲ್ಲ. ಎಲ್ಡನ್ ಹೇಳಿದ್ದ ಎನ್ನುವ ಕಾರಣಕ್ಕೇ ಬದಲಿಸಲಿಲ್ಲ ಎಂದು ಈಗ ಅನ್ನಿಸುತ್ತದೆ.

ಅಕ್ಟೋಬರ್‌ನ ಒಂದು ಮಧ್ಯಾಹ್ನ ಹದಿನಾರರ ಬದಲು ಇಪ್ಪತ್ತು ಪೆಂಡಿ ಹೇರಿ ಘಾಟಿ ಹತ್ತಿದೆ. ನಾಲ್ಕನೇ ಗೇರು. ಅರ್ಧ ದಾರಿಯಲ್ಲಿ ಗಾರ್ತ್‌ನ ಹೊಸ ಗಾಡಿ ಸಿಕ್ಕಿತು, ನಿಧಾನಕ್ಕೆ ಹೋಗುತ್ತಿತ್ತು. ಅವನ ಟ್ರೈಲರಿನ ಮೇಲೆ ತಾಡಪಾಲು ಹೊದಿಸಿ ಕಟ್ಟಿದ್ದ ಲೇತ್. ಪಕ್ಕದ ಸೀಟಿನಲ್ಲಿ ಎಲ್ಡನ್. ಅವನನ್ನು ನೋಡಿದ ಮೇಲೆ ಹಿಂದೆ ಉಳಿಯುವುದು ನನ್ನಿಂದಾಗಲಿಲ್ಲ. ಹಾರ್ನ್ ಒತ್ತಿ ಹಿಡಿದುಕೊಂಡೇ ಅವರನ್ನು ದಾಟಿದೆ, ಕಪ್ಪು ಹೊಗೆ ಅವರ ಗಾಜಿನ ಮೇಲೆ ಕವಿಯಿತು. ಎಂಜಿನ್ನಿನ ಕೂಗು ಏರುತ್ತಲೇ ಇತ್ತು, ಗಾಡಿಯ ವೇಗ ಅಷ್ಟು ಏರುತ್ತಿರಲಿಲ್ಲ. ಅದನ್ನೂ ನಾನು ಶಕ್ತಿಯೆಂದೇ ತಿಳಿದೆ.

ಘಾಟಿಯ ನೆತ್ತಿಯಲ್ಲಿ ಸುಟ್ಟ ವಾಸನೆ ಬಂತು. ಯಾರದೋ ಬ್ರೇಕ್ ಇರಬೇಕು ಎಂದುಕೊಂಡು ಇಳಿಯತೊಡಗಿದೆ.

ಹತ್ತು ಟನ್ನನ್ನು ಇಳಿಜಾರಿನಲ್ಲಿ ಹಿಡಿದಿಡುವುದು ಬರೀ ಬ್ರೇಕ್ ಅಲ್ಲ, ಗೇರಿನಲ್ಲಿರುವ ಎಂಜಿನ್. ಎಂಜಿನ್ನಿಗೂ ಚಕ್ರಕ್ಕೂ ನಡುವೆ ಇರುವುದು ಕ್ಲಚ್. ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಎಂಜಿನ್ ಗಾಡಿಯನ್ನು ಹಿಡಿಯಬೇಕಾಗಿತ್ತು. ಅದರ ಸದ್ದು ಇಳಿದು ತಣ್ಣಗಾಯಿತು, ಮನೆಯ ಮುಂದೆ ನಿಂತ ಗಾಡಿಯ ಹಾಗೆ. ವೇಗ ಮಾತ್ರ ಏರಿತು. ಗೇರ್ ಇಳಿಸಿದೆ, ಏನೂ ಆಗಲಿಲ್ಲ. ಹತ್ತುವಾಗಲೇ ಕ್ಲಚ್ ಸುಟ್ಟುಹೋಗಿತ್ತು. ಮೊದಲ ತಿರುವನ್ನು ಕಾಲಿನ ಬ್ರೇಕಿನಲ್ಲಿ ದಾಟಿದೆ, ಎರಡನೆಯದನ್ನು ಹೇಗೆ ದಾಟಿದೆನೋ ಗೊತ್ತಿಲ್ಲ. ಆಗ ಮೊಣಕಾಲ ಹತ್ತಿರದ ಟೋಪಿ ಕಣ್ಣಿಗೆ ಬಿತ್ತು. ಅದನ್ನು ಕಿತ್ತೆಸೆದು ಕೈಹಿಡಿಯನ್ನು ಎಳೆದೆ. ಹಿಂದಿನಿಂದ ಯಾರೋ ಟ್ರೈಲರನ್ನು ಹಿಡಿದುಕೊಂಡಂತೆ ಆಯಿತು. ಮೂರನೇ ತಿರುವಿನಲ್ಲಿ, ರಸ್ತೆ ಬದಿಯ ಜಲ್ಲಿ ಹಾಸಿದ ಜಾಗಕ್ಕೆ ಹೊರಳಿಸಿದೆ. ಗಾಡಿ ನಿಂತಾಗ ಮುಂದೆ ಹನ್ನೆರಡು ಅಡಿ ನೆಲ ಉಳಿದಿತ್ತು, ಆಮೇಲೆ ನೆಲ ಇರಲಿಲ್ಲ.

ಗಾರ್ತ್‌ನ ಗಾಡಿ ಬಂದು ನಿಂತಿತು. ಮೊದಲು ಇಳಿದವನು ಎಲ್ಡನ್. ನನ್ನ ಕಡೆ ನೋಡದೆ ದೊಡ್ಡ ಕಲ್ಲುಗಳನ್ನು ಎತ್ತಿ ತಂದು, ಆ ನಡುಗುವ ಕೈಯಲ್ಲೇ, ಟ್ರೈಲರಿನ ಚಕ್ರಗಳ ಮುಂದೆ ಒಂದೊಂದಾಗಿ ಒತ್ತರಿಸಿ ಇಟ್ಟ. ಆಮೇಲೆ ಬಾನೆಟ್ ಎತ್ತಿ ಪಂಪ್ ನೋಡಿದ. ಹೆಬ್ಬೆರಳನ್ನು ಗೆರೆಯಿದ್ದ ಜಾಗದ ಹತ್ತಿರ ಒಯ್ದ, ಮುಟ್ಟಲಿಲ್ಲ.

"ಕೈಹಿಡಿ ಎಷ್ಟು ದೂರ ಬಂತು?" ಎಂದು ಕೇಳಿದ.

"ಅರ್ಧಕ್ಕೇ ಹಿಡೀತು."

"ಹೂಂ. ಹಂಗಾದ್ರೆ ಸರಿ ಕೂತಿದೆ."

ಬಾನೆಟ್ ಮುಚ್ಚಿ ಗಾರ್ತ್‌ನ ಗಾಡಿಗೆ ಹೋಗಿ ಕೂತ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಮನಸ್ಸು ಹಗುರಾಗುತ್ತಿತ್ತು. ಗಾರ್ತ್ ಲೇತನ್ನು ಮುಟ್ಟಿಸಿ ಬಂದು ನನ್ನನ್ನು ಚೈನ್ ಕಟ್ಟಿ ಇಳಿಸಿದ. ದಾರಿಯುದ್ದಕ್ಕೂ ಒಂದು ಲೇವಡಿಯನ್ನೂ ಮಾಡಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು.

ಕ್ಲಚ್ ಬದಲಿಸಿದೆ. ಬಿಲ್ಲೆಯನ್ನು ಹಿಂದಕ್ಕೆ ಸರಿಸಿದೆ. ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ ಡೈರಿಗೆ ಹೋಗಿ, ನನ್ನ ಲೋಡ್ ಎಳೆಯಲು ಬಂದಿದ್ದೇನೆ ಎಂದೆ. ಎಲ್ಡನ್ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ, ಒಳಗೆ ಬರೀ ಬಿಳಿ ಟೈಲ್ಸು.

"ಅದು ಆಗೋಯ್ತಲ್ಲ ಮರ್ಲ್. ಗಾರ್ತ್ ಎಳೆದ."

"ಅದು ಗಾರ್ತ್‌ನ ಲೋಡು. ನನ್ನದು ಬೇರೆ ಕೊಡು."

"ಬೇರೆ ಏನೂ ಉಳಿದಿಲ್ಲ ನನ್ನ ಹತ್ರ."

ಡಿಸೆಂಬರ್‌ನಲ್ಲಿ ಮತ್ತೆ ಹೋದೆ. ಸೌದೆ ತಂದುಕೊಡಲೇ ಎಂದೆ, ಇದೆ ಎಂದ. ಜನವರಿಯಲ್ಲಿ ಹೋದೆ, ಕಾಫಿ ಕೊಟ್ಟ. ಫೆಬ್ರವರಿಯಲ್ಲಿ ತೀರಿಕೊಂಡ.

ಅವನ ಅಂತ್ಯಪ್ರಾರ್ಥನೆಯ ದಿನ ಗಾಡಿ ತೊಳೆದು, ಟ್ರೈಲರ್ ಸಿಕ್ಕಿಸಿಕೊಂಡೇ ಇಗರ್ಜಿಗೆ ಹೋಗಿ ನಿಂತೆ. ಪ್ರಾರ್ಥನೆ ಮುಗಿದ ಮೇಲೆ ಜೂನೆಲ್ ಹೊರಗೆ ಬಂದಳು. ಅಪ್ಪನನ್ನು ಸುಟ್ಟ ಬೂದಿಯ ಪೆಟ್ಟಿಗೆ ಅವಳ ಕೈಯಲ್ಲಿತ್ತು, ಬೂಟಿನ ಡಬ್ಬಿಗಿಂತ ಚಿಕ್ಕದು. ಟ್ರೈಲರ್ ಯಾಕೆ ತಂದೆ ಎಂದು ಕೇಳಿದಳು. ಏನಾದರೂ ಸಾಗಿಸುವುದಿದ್ದರೆ ಎಂದೆ. ಅವಳು ಪೆಟ್ಟಿಗೆಯನ್ನು ತನ್ನ ಚಿಕ್ಕ ಕಾರಿನ ಮುಂದಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿದಳು.

"ಉಳಿದಿರೋದು ಇಷ್ಟೇ ಮರ್ಲ್," ಎಂದಳು.

ಕಾರು ಘಾಟಿಯ ಕಡೆ ತಿರುಗಿ ಹೋಯಿತು. ಎಂಟು ಟನ್ ಎಳೆಯುವ ಗಾಡಿ ಹಿಂದೆ ಖಾಲಿ ಟ್ರೈಲರ್ ಇಟ್ಟುಕೊಂಡು ಅಲ್ಲೇ ಗುರುಗುಟ್ಟುತ್ತಿತ್ತು. ಒಂದು ಲೋಡ್, ಅವನು ಹೇಳಿದ ದಿನ, ಹೇಳಿದ ಊರಿಗೆ. ಅದು ಇನ್ನೂ ನನ್ನ ಮೇಲಿದೆ.